ಹಸಿರು ಮುಟ್ಟದ ಹೆಬ್ಬೆರಳು

ಆಗ ನನಗೆ ಅರವತ್ತೇಳು ವರ್ಷ. ಇದು ನಡೆದು ಮೂರು ವರ್ಷವಾಯಿತು. ಮೊಬೈಲಿನಲ್ಲಿ ಬ್ರೇಕ್ ಡ್ಯಾನ್ಸ್ ಆಟ ಆಡಿದ ಮುದುಕಿ ನಮ್ಮ ಕಡೆ ನಾನೊಬ್ಬಳೇ ಇರಬೇಕು. ಬೇರೆಯವರು ಇದ್ದರೆ ಅವರು ಹೇಳಿಕೊಂಡಿಲ್ಲ. ನಾನು ಹೇಳುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತೇನೆ. ಒತ್ತು ತಪ್ಪಿದ ಕಡೆ ಮೊಮ್ಮಗಳು ತಿದ್ದುತ್ತಾಳೆ. ಒತ್ತು ತಿದ್ದು, ಮಾತು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ಮನೆ ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮೂರು ಎಕರೆ ಕಾಫಿ, ಎರಡು ಹಸು, ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ನಮ್ಮ ಯಜಮಾನರು ಹೋಗಿ ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು. ಮಗ ಪಿಕಪ್ ಓಡಿಸುತ್ತಾನೆ. ಈ ಮಾತಿನಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ, ಬಿಟ್ಟುಬಿಡೋಣ.

ನನಗೆ ಬ್ರೇಕ್ ಡ್ಯಾನ್ಸಿನ ಹುಚ್ಚು ಹತ್ತಿದ್ದು ಮೂವತ್ತು ದಾಟಿದ ಮೇಲೆ. ಆ ಕಾಲದಲ್ಲಿ ಎಲ್ಲಿ ನೋಡಿದರೂ ಅದೇ. ಗಣಪತಿ ಕೂರಿಸಿದ ಕಡೆಯೆಲ್ಲ ಒಂದು ಆರ್ಕೆಸ್ಟ್ರಾ, ಆರ್ಕೆಸ್ಟ್ರಾದ ನಡುವೆ ಒಂದು ಬ್ರೇಕ್ ಡ್ಯಾನ್ಸು. ನಮ್ಮೂರ ಪೆಂಡಾಲಿನಲ್ಲಿ ಕುಣಿದವನು ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದ ತಮಿಳಿನವನು. ಹಗಲೆಲ್ಲ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಕಾಫಿ ಗಿಡಕ್ಕೆ ಮೈಲುತುತ್ತದ ಔಷಧಿ ಹೊಡೆಯುತ್ತಿದ್ದ. ಅಂಗಿಯ ತುಂಬ ನೀಲಿ ಕಲೆ. ಸಂಜೆ ಸ್ಟೇಜಿಗೆ ಬಂದಾಗಲೂ ಅದೇ ಅಂಗಿ.

ನಾನು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂದೆ ನಿಂತಿದ್ದೆ. ಸ್ಟೇಜಿನ ಮೇಲಿದ್ದವನ ಬಲಗೈ ಬೆರಳಿನ ತುದಿಯಲ್ಲಿ ಒಂದು ಅಲೆ ಎದ್ದಿತು. ಮಣಿಕಟ್ಟು, ಮೊಣಕೈ, ಭುಜ ಎಲ್ಲ ದಾಟಿ ಎಡಗೈಗೆ ಇಳಿದು ಆ ಕಡೆಯ ಬೆರಳಿನಿಂದ ಹೊರಗೆ ಹೋಯಿತು. ಆಮೇಲೆ ಹಲಗೆಯ ಮೇಲೆ ಬೆನ್ನು ಹಾಕಿ ಬುಗುರಿಯ ಹಾಗೆ ತಿರುಗಿದ. ಕೊನೆಗೆ ಒಂದೇ ಕೈ ನೆಲಕ್ಕೆ ಊರಿ, ಎರಡೂ ಕಾಲು ಮೇಲೆತ್ತಿ, ಹಾಗೇ ನಿಂತುಬಿಟ್ಟ. ಅಲುಗಲಿಲ್ಲ. ಜನರ ಗಲಾಟೆಯೂ ನಿಂತಿತು. ನಮ್ಮ ಯಜಮಾನರು, ಅವನಿಗೆ ಚೇಳು ಕಡಿದಿರಬೇಕು ಎಂದರು. ಪಕ್ಕದವರೆಲ್ಲ ನಕ್ಕರು. ನಾನು ನಗಲಿಲ್ಲ. ಹಗಲೆಲ್ಲ ಕ್ಯಾನು ಹೊತ್ತ ಬೆನ್ನು ಅದು. ಸೌದೆ ಹೊತ್ತು, ಗೊಬ್ಬರ ಹೊತ್ತು ನನ್ನ ಬೆನ್ನಿಗೂ ಆ ನೋವು ಗೊತ್ತು. ಕೂಲಿ ಮಾಡಿದ ಮೈಯಿಂದ ಇಂಥದ್ದೂ ಆಗುತ್ತದೆ ಎಂದು ತೋರಿಸಿಕೊಟ್ಟವನು ಅವನು. ಅವನ ಹೆಸರು ನಾನು ಕೇಳಲಿಲ್ಲ. ಮುಂದಿನ ವರ್ಷ ಅವನು ಆ ಲೈನಿನಲ್ಲಿ ಇರಲಿಲ್ಲ.

ಆ ಕೈಯಲೆ ನಾನೂ ಮಾಡಿ ನೋಡಿದೆ. ಯಾರೂ ಇಲ್ಲವೆಂದು ಅಡುಗೆ ಮನೆಯಲ್ಲಿ ನಿಂತು ಬೆರಳಿನಿಂದ ಶುರು ಮಾಡಿದೆ. ಅಲೆ ಭುಜದ ಹತ್ತಿರ ಬಂದಿತ್ತು, ನಮ್ಮತ್ತೆ ನೋಡಿದರು. ಮೂರ್ಛೆ ಬಂತು ಎಂದುಕೊಂಡು ಓಡಿ ಬಂದು ನನ್ನ ಕೈಗೆ ಕಬ್ಬಿಣದ ಬೀಗದ ಕೈ ತುರುಕಿ, ಮೂಗಿಗೆ ಈರುಳ್ಳಿ ಹಿಡಿದರು. ಡ್ಯಾನ್ಸು ಎನ್ನುವ ಬದಲು ಮೂರ್ಛೆಯೇ ಇರಲಿ ಎಂದು ನಾನೂ ಸುಮ್ಮನೆ ಕುಳಿತೆ. ಮೂರು ದಿನ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಮದುವೆಯಾಗಿ ಬಂದ ಮೇಲೆ ನನಗೆ ಸಿಕ್ಕ ಮೊದಲ ರಜೆ ಅದು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಹುಚ್ಚು ಹಿಡಿಸಿದವಳು ನಾನೇ. ಅವಳಿಗೆ ಆಗ ಹದಿನಾಲ್ಕು. ಕೊರೊನಾ ಕಾಲದಲ್ಲಿ ಕ್ಲಾಸಿಗೆಂದು ಕೊಡಿಸಿದ ಮೊಬೈಲಿನಲ್ಲಿ ದೇಶದೇಶದ ಹುಡುಗಿಯರು ಕುಣಿಯುವುದನ್ನು ನೋಡಿ ನೋಡಿ ಕಲಿತಳು. ಬ್ರೇಕ್ ಡ್ಯಾನ್ಸ್ ಅನ್ನಬಾರದು, ಬ್ರೇಕಿಂಗ್ ಅನ್ನಬೇಕು ಎಂದು ನನಗೆ ಪಾಠ ಮಾಡಿದಳು. ಒಂದೇ ಕೈಯ ಮೇಲೆ ಅಲುಗದೆ ನಿಲ್ಲುವುದಕ್ಕೆ ಫ್ರೀಜ್ ಎನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ನಾನು ನೋಡಿದ್ದು ಅದೇ.

ಮನೆಯ ಒಳಗೆ ಕಾಲು ಬೀಸಿದರೆ ಏನಾದರೂ ಒಡೆಯುತ್ತದೆ. ಕಣವೇ ಸರಿ ಎಂದು ಇಬ್ಬರೂ ತೀರ್ಮಾನಿಸಿದೆವು. ಬೇಸಿಗೆಯಲ್ಲಿ ಒಣಗಿದ ಕಾಫಿ ಮೂಟೆ ಕಟ್ಟಿ ಸಾಗಿಸಿದ ಮೇಲೆ ಕಣ ಖಾಲಿ. ಅವಳು ಕುಣಿಯುತ್ತಿದ್ದಳು, ನಾನು ಮೆಟ್ಟಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತ ನೋಡುತ್ತಿದ್ದೆ. ಸೊಸೆಗೆ ಇದು ಹಿಡಿಸುತ್ತಿರಲಿಲ್ಲ. ಮಂಗನ ಕುಣಿತಕ್ಕೆ ಮುದುಕಿಯ ಚಪ್ಪಾಳೆ ಬೇರೆ ಎನ್ನುತ್ತಿದ್ದಳು. ಆದರೂ ಹುಡುಗಿಯ ಪ್ಯಾಂಟಿನ ಮೊಣಕಾಲು ಹರಿದಾಗ ತೇಪೆ ಹಾಕಿ ಕೊಟ್ಟವಳು ಅವಳೇ. ಅದನ್ನೂ ಹೇಳಬೇಕು.

ಮಳೆಗಾಲ ಪೂರ್ತಿ ಕಣ ಯಾರಿಗೂ ಬೇಡ. ಹಸಿರು ಪಾಚಿ ಕಟ್ಟುತ್ತದೆ. ನಾವು ಅದನ್ನು ಉಜ್ಜುವುದು ಕುಯ್ಲಿಗೆ ಒಂದು ವಾರ ಮುಂಚೆ, ನವೆಂಬರ್ ಕೊನೆಗೆ. ಅದಕ್ಕೂ ಮೊದಲು ಉಜ್ಜಿದರೆ ಇನ್ನೊಂದು ಮಳೆ ಬಿದ್ದು ಮತ್ತೆ ಕಟ್ಟುತ್ತದೆ. ಎರಡು ಸಲ ಸೊಂಟ ಮುರಿದುಕೊಳ್ಳುವ ಮೂರ್ಖರು ನಮ್ಮಲ್ಲಿ ಯಾರೂ ಇಲ್ಲ.

ದಸರಾ ರಜೆ ಬಂತು. ಮೂರು ದಿನದಿಂದ ಮಳೆಯಿರಲಿಲ್ಲ. ಫ್ರೀಜ್ ಇವತ್ತು ಬಂದೇ ಬರುತ್ತದೆ ಎಂದು ಹುಡುಗಿ ಕಣಕ್ಕೆ ಇಳಿದಳು. ಅಜ್ಜಿ, ಜಾರುತ್ತಾ ನೋಡು ಎಂದಳು. ನಾನು ಕಾಲಿನ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಮೇಲೆ ಒಣಗಿತ್ತು, ಅಡಿಯಲ್ಲಿ ಲೋಳೆಯಿತ್ತು. ಐವತ್ತು ವರ್ಷ ಆ ಥರದ ನೆಲದ ಮೇಲೆ ನಡೆದವಳು ನಾನು, ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಯಿತು. ಆದರೆ ನೀಲಿ ಕಲೆಯ ಅಂಗಿಯವನು ನಿಂತ ಹಾಗೆ ನಮ್ಮ ಹುಡುಗಿ ನಿಲ್ಲುವುದನ್ನು ನೋಡಬೇಕು ಎಂಬ ಆಸೆ. ಒಣಗೈತೆ, ಮಾಡು ಎಂದೆ.

ಅವಳು ಬಲಗೈ ಊರಿದಳು. ಕಾಲು ಮೇಲೆ ಹೋಯಿತು. ಒಂದು ಗಳಿಗೆ ನಿಂತಳು ಕೂಡ. ಆಮೇಲೆ ಕೈ ಹೋಯಿತು. ಕಟಕ್ ಎಂದಿದ್ದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಕೈ ತಡೀಲಿಲ್ಲ ಎಂದಳು ಹುಡುಗಿ. ಸೊಸೆ ಅಲ್ಲೇ ಎಲ್ಲರ ಮುಂದೆ, ತಡೆಯದ ಕೈ ಇಟ್ಟುಕೊಂಡು ಇವಳಿಗೆ ಈ ಕುಣಿತ ಯಾಕೆ ಬೇಕಿತ್ತು ಎಂದು ಕೂಗಾಡಿದಳು. ನಾನು ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಪಾಚಿ ಜಾರುತ್ತಿತ್ತು ಎಂದು ಹೇಳಲು ಎರಡು ಮಾತು ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಸೊಸೆ ಹುಡುಗಿಯನ್ನು ಬಿಟ್ಟು ನನ್ನ ಕಡೆ ತಿರುಗುತ್ತಿದ್ದಳು. ನಾನು ಯಾರಿಗೂ ಹೆದರುವವಳಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅವತ್ತು ಹೆದರಿದೆ.

ಅಂಗೈಯಿಂದ ಮೊಣಕೈವರೆಗೆ, ಹೆಬ್ಬೆರಳೂ ಸೇರಿಸಿ ಪ್ಲಾಸ್ಟರ್ ಹಾಕಿದರು. ಆರು ವಾರ. ಹುಡುಗಿ ಅಳಲಿಲ್ಲ. ಮನೆಗೆ ಬಂದವಳೇ ಮೊಬೈಲಿನಲ್ಲಿದ್ದ ಡ್ಯಾನ್ಸಿನ ವಿಡಿಯೋಗಳನ್ನೆಲ್ಲ ಅಳಿಸಿದಳು. ತೇಪೆ ಹಾಕಿದ ಪ್ಯಾಂಟನ್ನು ದನದ ಕೊಟ್ಟಿಗೆ ಒರೆಸಲು ತಗೋ ಎಂದು ನನಗೆ ಕೊಟ್ಟಳು. ಇನ್ನು ಕುಣಿಯಲ್ಲ, ನನಗೆ ಬರಲ್ಲ ಅದು ಎಂದಳು, ಅಷ್ಟೇ. ಊಟ ಮಾಡುತ್ತಿದ್ದಳು, ಎಡಗೈಯಲ್ಲಿ ಚಮಚ ಹಿಡಿದು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಕಣದ ಕಡೆ ತಿರುಗಿ ಕೂರುತ್ತಿರಲಿಲ್ಲ. ನಾನು ಆ ಪ್ಯಾಂಟನ್ನು ಒಗೆದು ಮಡಿಸಿ ನನ್ನ ಟ್ರಂಕಿನಲ್ಲಿ ಇಟ್ಟೆ.

ಹದಿನೇಳು ದಿನ ಹೀಗೇ ಕಳೆಯಿತು. ಒಂದು ಭಾನುವಾರ ಸೊಸೆ ಅಮ್ಮತ್ತಿಯಲ್ಲಿರುವ ಅವಳ ಅಕ್ಕನ ಮನೆಗೆ ಹೋದಳು, ಸಂಜೆ ಬಸ್ಸಿಗೆ ಬರುತ್ತೇನೆ ಎಂದು. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೇ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದೆವು. ಹುಡುಗಿ ಎಡಗೈಯಲ್ಲಿ ಮೊಬೈಲು ತಿರುವುತ್ತಿದ್ದಳು. ಬಾಯಿ ಸುಮ್ಮನಿರಲಾರದೆ ಕೇಳಿದೆ, ಡ್ಯಾನ್ಸು ಪೂರ್ತಿ ಅಳಿಸಿಬಿಟ್ಟೆಯಾ, ಒಂದೂ ಇಲ್ಲವಾ ಎಂದು. ವಿಡಿಯೋ ಇಲ್ಲ, ಒಂದು ಗೇಮ್ ಉಳಿದಿದೆ ಎಂದಳು. ಬ್ರೇಕಿಂಗ್ ಗೇಮ್. ಹಾಗಾದರೆ ಅದನ್ನೇ ಆಡು, ನಾನು ನೋಡುತ್ತೇನೆ ಎಂದೆ. ಎರಡು ಹೆಬ್ಬೆರಳು ಬೇಕು, ನನಗಿರೋದು ಒಂದೇ ಎಂದು ಪ್ಲಾಸ್ಟರ್ ಎತ್ತಿ ತೋರಿಸಿದಳು.

"ಒಂದು ನನ್ನದು ತಗೋ," ಎಂದೆ.

ಅವಳು ನನ್ನನ್ನು ನೋಡಿದಳು. ನನ್ನ ಹೆಬ್ಬೆರಳನ್ನೂ ನೋಡಿದಳು. ಅದು ಚೆಂದದ ಬೆರಳಲ್ಲ. ಉಗುರು ಕಪ್ಪಗಿದೆ, ಪಕ್ಕದಲ್ಲಿ ಸೀಳು. ಆದರೆ ಕುಯ್ಲಿನಲ್ಲಿ ಅದರ ಜೊತೆ ಯಾರ ಬೆರಳೂ ಓಡಿದ್ದಿಲ್ಲ. ಸರಿ ಬಾ ಎಂದಳು. ಅವಳ ಬಲಕ್ಕೆ ಸರಿದು ಭುಜಕ್ಕೆ ಭುಜ ಒತ್ತಿ ಕುಳಿತೆ. ಮೊಬೈಲನ್ನು ಅಡ್ಡ ಹಿಡಿದೆವು, ಎಡಗಡೆ ಅವಳ ಕೈ, ಬಲಗಡೆ ನನ್ನದು. ಒಂದೇ ಗಿಡಕ್ಕೆ ಇಬ್ಬರು ನಿಂತು ಹಣ್ಣು ಕುಯ್ಯುವಾಗ ಹೀಗೇ ನಿಲ್ಲುತ್ತೇವೆ.

ಆಟದಲ್ಲಿ ಒಬ್ಬ ಹುಡುಗಿ ಇದ್ದಳು. ದೊಗಳೆ ಪ್ಯಾಂಟು, ತಲೆಗೆ ಟೋಪಿ. ಅವಳು ನಿಂತದ್ದು ನಮ್ಮ ಕಣದಂಥದ್ದೇ ಒಂದು ಸಿಮೆಂಟು ನೆಲ. ಡ್ರಮ್ಮಿನ ಸದ್ದಿಗೆ ಸರಿಯಾಗಿ ಮೇಲಿನಿಂದ ಬೊಟ್ಟುಗಳು ಇಳಿಯುತ್ತವೆ. ಎಡಗಡೆ ಕೆಂಪು, ಬಲಗಡೆ ಹಸಿರು. ಕೆಳಗೆ ಒಂದು ಗೆರೆ ಇದೆ. ಬೊಟ್ಟು ಗೆರೆ ಮುಟ್ಟಿದಾಗ ಒತ್ತಬೇಕು. ಸರಿಯಾಗಿ ಒತ್ತಿದರೆ ಹುಡುಗಿ ಕುಣಿಯುತ್ತಾಳೆ, ತಪ್ಪಿದರೆ ತಡವರಿಸುತ್ತಾಳೆ. ಮೂರು ತಪ್ಪಿದರೆ ಬೀಳುತ್ತಾಳೆ. ಕೊನೆಯವರೆಗೆ ಬೀಳದೆ ಹೋದರೆ ಒಂದು ಕೈಯ ಮೇಲೆ ಫ್ರೀಜ್.

ನನಗೆ ಅದು ಕುಯ್ಲಿಗಿಂತ ಸುಲಭ ಎನಿಸಿತು. ಆಟ ಶುರುವಾಯಿತು. ಟೋಪಿಯ ಹುಡುಗಿ ಎರಡು ಹೆಜ್ಜೆ ಹಾಕಿ ದೊಪ್ಪೆಂದು ಬಿದ್ದಳು.

ಇನ್ನೊಂದು ಸಲ. ಮತ್ತೆ ಬಿದ್ದಳು. ಮೂರನೆಯ ಸಲ, ನಾಲ್ಕನೆಯ ಸಲ. ಪ್ರತಿ ಸಲವೂ ತಪ್ಪು ನನ್ನದೇ. ಎಡಗಡೆಯ ಕೆಂಪನ್ನು ಮೊಮ್ಮಗಳು ಒಂದೂ ಬಿಡುತ್ತಿರಲಿಲ್ಲ. ಬಲಗಡೆಯ ಹಸಿರು ಬಂದು, ಗೆರೆ ಮುಟ್ಟಿ, ಕೆಳಗೆ ಹೋಗುತ್ತಿತ್ತು. ನಾನು ಸುಮ್ಮನೆ ನೋಡುತ್ತಿದ್ದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ನನ್ನ ಹೆಬ್ಬೆರಳು ಹಸಿರು ಬಿಟ್ಟು ಅವಳ ಕಡೆಯ ಕೆಂಪಿಗೆ ಹಾರುತ್ತಿತ್ತು. ಇಬ್ಬರ ಬೆರಳೂ ನಡುವೆ ಡಿಕ್ಕಿ ಹೊಡೆದವು.

"ಅಜ್ಜಿ, ನನ್ನ ಗಿಡಕ್ಕೆ ಕೈ ಹಾಕ್ಬೇಡ. ನಿನ್ನ ಕಡೆ ನೋಡ್ಕೋ."

"ನೋಡ್ತಾನೇ ಇದೀನಿ."

"ಕಣ್ಣು ಕಾಣಲ್ವಾ?"

ಕಾಣುತ್ತದೆ ಎಂದೆ. ಎರಡು ವರ್ಷದ ಹಿಂದೆ ಪೊರೆ ತೆಗೆಸಿದ ಕಣ್ಣು, ಮರದ ತುದಿಯ ಕರಿಮೆಣಸಿನ ಗೊಂಚಲು ಎಣಿಸುತ್ತದೆ. ಹಸಿರು ಬೊಟ್ಟು ಕಾಣುತ್ತಿತ್ತು, ಒತ್ತಬೇಕು ಎಂದೂ ಗೊತ್ತಿತ್ತು. ಬೆರಳು ಮಾತ್ರ ಏಳುತ್ತಿರಲಿಲ್ಲ.

ಏಳನೆಯ ಸಲವೋ ಎಂಟನೆಯ ಸಲವೋ, ಟೋಪಿಯ ಹುಡುಗಿ ಬಲಗೈ ಊರಿದ್ದಳು, ನಾನು ಹಸಿರು ಬಿಟ್ಟೆ, ಅವಳು ಕೈ ಮಡಚಿ ಬಿದ್ದಳು. ಮೊಮ್ಮಗಳು ಮುಖ ಪಕ್ಕಕ್ಕೆ ತಿರುಗಿಸಿದಳು. ಆಮೇಲೆ ಮೊಬೈಲು ಕೆಳಗಿಟ್ಟು ಮೆಲ್ಲಗೆ ಹೇಳಿದಳು.

"ಬಿಡಜ್ಜಿ. ನಿನ್ನ ಕೈಯೂ ನನ್ನ ಕೈ ಥರಾನೇ. ಹೇಳಿದ ಮಾತು ಕೇಳಲ್ಲ. ಕೆಲವರ ಕೈಯೇ ಹಂಗೆ ಅನ್ಸುತ್ತೆ."

ಅವಳು ನಗಲು ನೋಡಿದಳು. ನನಗೆ ಆಗ ಗೊತ್ತಾಯಿತು. ಹದಿನೇಳು ದಿನದಿಂದ ಈ ಹುಡುಗಿ ಕೈ ಮುರಿದದ್ದಕ್ಕೆ ಕೊರಗುತ್ತಿಲ್ಲ. ಇವಳ ಕೈ ಇವಳಿಗೆ ಮೋಸ ಮಾಡಿತು ಎಂದು ನಂಬಿಕೊಂಡು ಕುಳಿತಿದ್ದಾಳೆ. ಹಾಗೆ ನಂಬಲು ಬಿಟ್ಟವಳು ನಾನು.

ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಮೊದಲು ನನ್ನ ಕೈಯ ವಿಷಯ ಹೇಳಿದೆ. ನಾನು ಮದುವೆಯಾಗಿ ಬಂದ ಮೊದಲ ವರ್ಷ, ನಮ್ಮತ್ತೆ ಕುಯ್ಲಿಗೆ ಕರೆದುಕೊಂಡು ಹೋಗಿ ಕಲಿಸಿದ ಮೊದಲ ಪಾಠ, ಕೆಂಪಿಗೆ ಕೈ ಹಾಕು, ಹಸಿರು ಮುಟ್ಟಬೇಡ. ಸಂಜೆ ನನ್ನ ಚೀಲ ಸುರಿದು ನೋಡಿ, ಹಸಿರು ಕಾಯಿ ಕಂಡರೆ ಆಯ್ದು ನನ್ನ ಮಡಿಲಿಗೆ ಹಾಕುತ್ತಿದ್ದರು. ಅಷ್ಟನ್ನೂ ಕಟ್ಟಿಕೊಂಡು ಎಲ್ಲರ ಮುಂದೆ ಮನೆಗೆ ನಡೆಯಬೇಕು. ಒಂದು ವಾರ ಹಾಗೆ ನಡೆದೆ. ಅಲ್ಲಿಂದ ಮುಂದೆ ನನ್ನ ಬೆರಳು ಹಸಿರಿನ ಹತ್ತಿರ ಹೋಗಿಲ್ಲ. ಗೊಂಚಲಿನಲ್ಲಿ ಹದಿನೈದು ಹಣ್ಣಿನ ನಡುವೆ ಎರಡು ಕಾಯಿ ಇದ್ದರೂ ಅವೆರಡನ್ನು ಬಿಟ್ಟು ಬರುತ್ತದೆ, ಕಣ್ಣು ಬೇರೆ ಕಡೆ ಇದ್ದರೂ ಬಿಟ್ಟು ಬರುತ್ತದೆ. ಐವತ್ತು ವರ್ಷ. ಅದಕ್ಕೆ ಮೊಬೈಲೂ ಒಂದೇ, ಗಿಡವೂ ಒಂದೇ.

ಹುಡುಗಿ ಕೇಳಿಸಿಕೊಂಡಳು. ನಿಜವಾಗಿ ನಕ್ಕಳು ಕೂಡ. ಹದಿನೇಳು ದಿನದಲ್ಲಿ ಅದೇ ಮೊದಲು. ಆ ನಗು ನೋಡಿಕೊಂಡು ಸುಮ್ಮನಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಕೈ ಸುಮ್ಸುಮ್ನೆ ತಪ್ಪಲ್ಲ ಮಗಾ," ಎಂದೆ. "ನನ್ನದಕ್ಕೊಂದು ಕಾರಣ ಐತೆ. ನಿನ್ನದಕ್ಕೂ ಐತೆ. ಅವತ್ತು ಕಣದ ಪಾಚಿ ಅಡಿಯಲ್ಲಿ ಹಸಿ ಇತ್ತು. ನನಗೆ ಕಾಲಿಗೆ ಗೊತ್ತಾಯ್ತು. ಗೊತ್ತಾಗಿಯೂ ಒಣಗೈತೆ ಅಂದೆ."

ಅವಳ ನಗು ನಿಂತಿತು.

"ಯಾಕೆ?"

"ನೀನು ನಿಲ್ಲೋದು ನೋಡ್ಬೇಕಿತ್ತು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಬೈತಾಳೆ ಅಂತ."

ಅವಳು ಎದ್ದು ಒಳಗೆ ಹೋದಳು. ಬಾಗಿಲು ಬಡಿಯಲಿಲ್ಲ, ಏನೂ ಎಸೆಯಲಿಲ್ಲ. ಬಡಿದಿದ್ದರೆ ವಾಸಿಯಿತ್ತು. ನಾನು ಬೆಂಚಿನ ಮೇಲೆ ಕುಳಿತೇ ಇದ್ದೆ. ಮೊಬೈಲಿನಲ್ಲಿ ಟೋಪಿಯ ಹುಡುಗಿ ಬಿದ್ದಲ್ಲೇ ಬಿದ್ದಿದ್ದಳು. ಸ್ವಲ್ಪ ಹೊತ್ತಿಗೆ ಪರದೆಯೂ ಆರಿತು. ಹಸು ಕೂಗಿತು. ಕೂಗಲಿ ಎಂದು ಬಿಟ್ಟೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹುಡುಗಿ ಚಪ್ಪಲಿ ಹಾಕಿಕೊಂಡು ಹೊರಗೆ ಬಂದಳು. ನನ್ನನ್ನು ದಾಟಿ ಮೆಟ್ಟಿಲಿಳಿದು ಕಣದ ಅಂಚಿನಲ್ಲಿ ನಿಂತಳು. ಬಿದ್ದ ದಿನದಿಂದ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಯಾವ ಜಾಗ ತೋರ್ಸು ಎಂದಳು. ನಾನೂ ಇಳಿದೆ. ಹಲಸಿನ ಮರದ ನೆರಳು ಬೀಳುವ ಮೂಲೆ. ಹುಡುಕಬೇಕಾಗಲಿಲ್ಲ. ಹಸಿರು ಪಾಚಿಯ ನಡುವೆ ಒಂದು ಬಿಳಿಯ ಪಟ್ಟೆ ಹಾಗೇ ಇತ್ತು, ಅಂಗೈಯಷ್ಟು ಅಗಲ. ಕೈ ಜಾರಿಕೊಂಡು ಹೋಗುವಾಗ ಪಾಚಿಯನ್ನು ಕೆರೆದುಕೊಂಡು ಹೋಗಿತ್ತು. ನಡುವೆ ಬಂದ ಮಳೆಗೂ ಮುಚ್ಚಿರಲಿಲ್ಲ.

ಅವಳು ಕುಕ್ಕರುಗಾಲಿನಲ್ಲಿ ಕುಳಿತು ಎಡಗೈಯಲ್ಲಿ ಗೇಣು ಹಾಕಿದಳು. ಒಂದು ಗೇಣು, ಇನ್ನೊಂದು ಗೇಣು, ಮೇಲೆ ನಾಲ್ಕು ಬೆರಳು. ಮತ್ತೊಂದು ಸಲ ಅಳೆದಳು.

"ಇಷ್ಟುದ್ದ ಜಾರಿದೆ," ಎಂದಳು. "ಹಂಗಾದ್ರೆ ಕೈ ಮಡಚ್ಲಿಲ್ಲ. ನಿಂತೇ ಇತ್ತು. ನೆಲ ಹೋಯ್ತು."

"ನಿಂತಿತ್ತು. ನಾನು ನೋಡಿದೀನಿ."

"ನೀನು ಸುಮ್ನಿರಜ್ಜಿ. ನಿನ್ನ ಮಾತು ನಂಬಲ್ಲ ನಾನು ಇವತ್ತು."

ಅವಳು ಆ ಪಟ್ಟೆಯ ಉದ್ದಕ್ಕೂ ಎಡಗೈ ಆಡಿಸಿದಳು. ಆಮೇಲೆ ಎದ್ದು, ಲಂಗಕ್ಕೆ ಕೈ ಒರೆಸಿಕೊಂಡು, ಬಾ, ಆಟ ಅರ್ಧಕ್ಕೆ ನಿಂತಿದೆ ಎಂದಳು. ಕೋಪ ಇಳಿದಿರಲಿಲ್ಲ. ಆದರೂ ಬಾ ಎಂದಳು. ಕೋಪ ಇಟ್ಟುಕೊಂಡೇ ಕರೆಯುವುದು ಎಲ್ಲರಿಗೂ ಬರುವುದಿಲ್ಲ. ನನಗಂತೂ ಅವಳ ವಯಸ್ಸಿನಲ್ಲಿ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಮತ್ತೆ ಭುಜಕ್ಕೆ ಭುಜ ಒತ್ತಿ ಕುಳಿತೆವು. ಮತ್ತೆ ಎರಡು ಸಲ ಟೋಪಿಯ ಹುಡುಗಿಯನ್ನು ಬೀಳಿಸಿದೆ. ಆಗ ನನಗೆ ಸ್ಟ್ರಿಪ್ಪಿಂಗ್ ನೆನಪಾಯಿತು. ಕುಯ್ಲಿನ ಕೊನೆಯ ಸುತ್ತಿಗೆ ನಾವು ಹಾಗೆ ಹೇಳುತ್ತೇವೆ. ಆ ದಿನ ಗಿಡದಲ್ಲಿ ಏನೂ ಬಿಡುವಂತಿಲ್ಲ. ಕೆಂಪಿರಲಿ, ಒಣಗಿದ್ದಿರಲಿ, ಹಸಿರಿರಲಿ, ರೆಂಬೆಯನ್ನು ಬುಡದಿಂದ ತುದಿಗೆ ಎಳೆದು ಬರಿದು ಮಾಡಬೇಕು. ಬಿಟ್ಟರೆ ಹುಳು ಸೇರಿಕೊಳ್ಳುತ್ತದೆ. ವರ್ಷದಲ್ಲಿ ಆ ಎರಡು ಮೂರು ದಿನ ಮಾತ್ರ ನನ್ನ ಬೆರಳಿಗೆ ಹಸಿರು ಮುಟ್ಟಲು ಅಪ್ಪಣೆ.

ತಡಿ ಎಂದೆ. ಸೆರಗು ಎಳೆದು ಸೊಂಟಕ್ಕೆ ಬಿಗಿದೆ, ಚೀಲ ಕಟ್ಟಿಕೊಳ್ಳುವಾಗ ಬಿಗಿಯುವ ಹಾಗೆ. ಹುಡುಗಿ ಏನು ಮಾಡ್ತಿದೀಯ ಎಂದಳು. ಇವತ್ತು ಸ್ಟ್ರಿಪ್ಪಿಂಗು ಎಂದೆ. ಅವಳಿಗೆ ವಿವರಿಸಬೇಕಾಗಲಿಲ್ಲ. ಕಾಫಿ ಮನೆಯ ಹುಡುಗಿ.

ಡ್ರಮ್ಮು ಶುರುವಾಯಿತು. ಮೊದಲ ಹಸಿರು ಇಳಿಯಿತು. ಬೆರಳು ಎದ್ದಿತು, ಒತ್ತಿತು. ಎರಡನೆಯದು, ಮೂರನೆಯದು. ಒಂದು ತಪ್ಪಿತು, ಹುಡುಗಿ ನನ್ನನ್ನು ಭುಜದಿಂದ ತಳ್ಳಿದಳು. ಆಮೇಲೆ ಓಡಿತು ನೋಡಿ. ಎಡಗಡೆ ಅವಳು, ಬಲಗಡೆ ನಾನು, ನಡುವೆ ಡಿಕ್ಕಿ ಇಲ್ಲ. ಟೋಪಿಯ ಹುಡುಗಿ ಕಾಲು ಸುತ್ತಿಸಿದಳು, ಬೆನ್ನ ಮೇಲೆ ತಿರುಗಿದಳು, ಎದ್ದಳು, ಮತ್ತೆ ಬಾಗಿದಳು. ಬಲಗೈ ಊರಿದಳು. ಕೊನೆಗೆ ಒಂದು ಕೆಂಪು, ಒಂದು ಹಸಿರು ಒಟ್ಟಿಗೆ ಇಳಿದವು. ಒಟ್ಟಿಗೆ ಒತ್ತಿದೆವು. ಅವಳ ಕಾಲು ಮೇಲೆ ಹೋಯಿತು. ನಿಂತಳು.

ಅಲುಗಲಿಲ್ಲ. ಡ್ರಮ್ಮೂ ನಿಂತಿತು. ನೀಲಿ ಕಲೆಯ ಅಂಗಿಯವನು ನಿಂತ ಹಾಗೇ ನಿಂತಿದ್ದಳು, ಇಷ್ಟಗಲದ ಗಾಜಿನಲ್ಲಿ. ಮೂವತ್ತೈದು ವರ್ಷದ ಮೇಲೆ ಅದನ್ನು ಮತ್ತೆ ನೋಡಿದೆ, ಅದೂ ನನ್ನ ಒಂದು ಬೆರಳಿನ ಕೆಲಸದಿಂದ. ಆ ಆಟ ಮಾಡಿದವರು ಯಾವ ದೇಶದವರೋ. ಇಂಥ ಒಬ್ಬಳು ಆಡಿಯಾಳು ಎಂದು ಅವರು ಎಣಿಸಿರಲಾರರು. ಅವರ ಹೊಟ್ಟೆ ತಣ್ಣಗಿರಲಿ.

ಮೊಮ್ಮಗಳ ಕಣ್ಣು ಮೊಬೈಲಿನ ಮೇಲಿತ್ತು. ಎಡಗೈಯನ್ನು ಮಾತ್ರ ಬೆಂಚಿನ ಮೇಲೆ ಅಂಗೈ ಊರಿ ಇಟ್ಟಿದ್ದಳು. ಭಾರ ಬಿಡುತ್ತಿದ್ದಳು, ಎತ್ತುತ್ತಿದ್ದಳು. ಮತ್ತೆ ಭಾರ ಬಿಡುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಹಸುವಿಗೆ ಹುಲ್ಲು ಹಾಕಲು ಎದ್ದೆ. ಟ್ರಂಕಿನಲ್ಲಿ ಮಡಿಸಿಟ್ಟ ಪ್ಯಾಂಟಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅವಳೇ ಕೇಳಲಿ ಎಂದು ನುಂಗಿಕೊಂಡೆ.

ಇನ್ನೊಂದು ಕೆಲಸ ಬಾಕಿಯಿತ್ತು. ಸಂಜೆ ಬಸ್ಸಿಗೆ ಸೊಸೆ ಬಂದಳು. ಕೈಕಾಲು ತೊಳೆದು ಕಾಫಿಗೆ ನೀರಿಟ್ಟಳು. ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತು, ಹುಡುಗಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಪಾಚಿ ಜಾರುತ್ತಿತ್ತು, ನನಗೆ ಗೊತ್ತಿತ್ತು, ಒಣಗೈತೆ ಅಂದವಳು ನಾನೇ, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡವಳೂ ನಾನೇ. ಹುಡುಗಿಯ ಕೈಯದು ತಪ್ಪಿಲ್ಲ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ.

ಅವಳು ಬಯ್ಯಲಿಲ್ಲ. ಬೆನ್ನು ತಿರುಗಿಸಿ ನಿಂತು ನೀರು ಕುದಿಯುವುದನ್ನೇ ನೋಡುತ್ತಿದ್ದಳು. ಕಾಫಿಪುಡಿ ಹಾಕಿದಳು, ಸೋಸಿದಳು, ಬೆಲ್ಲ ಹಾಕಿದಳು. ನನ್ನ ಲೋಟವನ್ನು ನನ್ನ ಕೈಗೆ ಕೊಡುವ ಬದಲು ಕಟ್ಟೆಯ ಮೇಲೆ ಇಟ್ಟಳು. ಅದು ನನಗೆ ಸಲ್ಲಬೇಕಾದದ್ದೇ. ಆಮೇಲೆ ಹೇಳಿದಳು.

"ಬ್ಲೀಚಿಂಗ್ ಪೌಡರು ಬಚ್ಚಲುಮನೆ ಹಿಂದೆ ಡಬ್ಬದಲ್ಲಿ ಐತೆ ಅತ್ತೆ. ತೆಂಗಿನ ಪೊರಕೆ ಸಾಕಾಗಲ್ಲ, ತಂತಿ ಬ್ರಶ್ಶು ತಗೊಳ್ಳಿ."

ಇಷ್ಟೇ. ಆಸ್ಪತ್ರೆಯಲ್ಲಿ ಅಷ್ಟು ಕೂಗಾಡಿದ ಬಾಯಿ ಅದು. ನಾನು ಆ ಲೋಟ ಎತ್ತಿಕೊಂಡು ಕುಡಿದೆ. ಮೆಚ್ಚಿ ಒಂದು ಮಾತು ಹೇಳುವ ಅಭ್ಯಾಸ ನಮ್ಮ ನಡುವೆ ಇಲ್ಲ. ಈಗ ಇಲ್ಲಿ ಬರೆದಿದ್ದೇನೆ. ಓದಿದರೆ ಓದಲಿ.

ಮರುದಿನ ಬೆಳಿಗ್ಗೆ ಹಾಲು ಕರೆದು ಮುಗಿಸಿ, ಸೀರೆ ಎತ್ತಿ ಕಟ್ಟಿ, ಬ್ಲೀಚಿಂಗ್ ಪೌಡರು ಚೆಲ್ಲಿ ಕಣ ಉಜ್ಜಲು ಕುಳಿತೆ. ತೋಟದಲ್ಲಿ ಇನ್ನೂ ಕಾಯಿಗೆ ಬಣ್ಣ ತಿರುಗಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ಹೆಂಗಸು ಬೇಲಿಯ ಆಚೆ ನಿಂತು, ಏನಕ್ಕಾ, ನಿಮ್ಮ ಗಿಡದಲ್ಲಿ ಆಗಲೇ ಹಣ್ಣಾಯ್ತಾ, ಇನ್ನೊಂದು ಮಳೆ ಬಂದರೆ ಎಲ್ಲ ವ್ಯರ್ಥ ಎಂದಳು. ಬಂದರೆ ಇನ್ನೊಂದು ಸಲ ಉಜ್ಜುತ್ತೇನೆ, ನೀನು ನಡಿ ಎಂದೆ. ಹಲಸಿನ ನೆರಳಿನ ಮೂಲೆಯಿಂದ ಶುರು ಮಾಡಿದೆ. ಆ ಬಿಳಿಯ ಪಟ್ಟೆಯ ಎರಡೂ ಕಡೆ ಉಜ್ಜಿದೆ, ಸುತ್ತಲೂ ಬಿಳಿಯಾಗಿ ಪಟ್ಟೆ ಎಲ್ಲಿತ್ತೆಂದು ತಿಳಿಯದ ಹಾಗೆ ಆಗುವವರೆಗೆ. ಮೊಮ್ಮಗಳು ಎದ್ದು ಬಂದು ಹಲ್ಲುಜ್ಜುತ್ತ ಮೆಟ್ಟಿಲ ಮೇಲೆ ಕುಳಿತಳು, ಪ್ಲಾಸ್ಟರಿನ ಕೈ ಮಡಿಲಲ್ಲಿ ಇಟ್ಟುಕೊಂಡು, ಕಣದ ಕಡೆಗೇ ಮುಖ ಮಾಡಿ. ಬಾಯಿಯಲ್ಲಿದ್ದ ಬ್ರಶ್ಶು ತೆಗೆದು ಅದನ್ನೇ ಚಾಚಿ ತೋರಿಸಿದಳು.

"ಅಲ್ಲಿ ಬಿಟ್ಟಿದೀಯ ಅಜ್ಜಿ. ಹಸಿರು ಕಾಣ್ತಿದೆ."

ಬಿಟ್ಟಿದ್ದೆ. ಕುಳಿತಲ್ಲಿಂದಲೇ ಸರಿದು ಹೋಗಿ ಅಲ್ಲಿಯೂ ಉಜ್ಜಿದೆ.